ಸೊರಗು ಬಂದ ಮಡಿಯಲ್ಲೇ ಕನಕಾಂಬರದ ತಳಿ ಎಬ್ಬಿಸಿದ ನನ್ನ ಅನುಭವ

ಕನಕಾಂಬರಕ್ಕೆ ಸೊರಗು, ಅಂದರೆ ಬೇರು ಕೊಳೆತು ಗಿಡ ಬಾಡಿ ಸಾಯುವ ರೋಗ, ಬಂದರೆ ಆ ಜಾಗ ಬಿಡಬೇಕು, ಮೂರು ನಾಲ್ಕು ವರ್ಷ ಅಲ್ಲಿ ಕನಕಾಂಬರದ ಹೆಸರೆತ್ತಬಾರದು. ಹೂ ಬೆಳೆಯುವ ಯಾರನ್ನೇ ಕೇಳಿ, ಇದೇ ಮಾತು. ನನಗೂ ಹೀಗೇ ಹೇಳಿದರು. ನಾನು ಜಾಗ ಬಿಡಲಿಲ್ಲ. ಅದೇ ಮಡಿಯಲ್ಲಿ ಬೀಜ ಹಾಕಿ, ಸಾಯುವುದನ್ನು ಸಾಯಲು ಬಿಟ್ಟು, ಉಳಿದವನ್ನು ಒಂದಕ್ಕೊಂದು ಕೂಡಿಸಿ, ಹತ್ತು ವರ್ಷದ ಹತ್ತಿರ ಹೆಣಗಿ ಒಂದು ತಳಿ ಎಬ್ಬಿಸಿದ್ದೇನೆ. ಅದು ಈಗ ಅಲ್ಲೇ ನಾಲ್ಕನೇ ಮಳೆಗಾಲ ದಾಟಿ ನಿಂತಿದೆ. ಪಕ್ಕದಲ್ಲಿ ಬೇಕಂತಲೇ ನೆಟ್ಟ, ದೆಹಲಿ ಅನ್ನುವ ತಳಿಯ ಗಿಡಗಳು ಎರಡನೇ ಮಳೆಗೇ ಹೋದವು.

"ತಳಿ ಮಾಡೋದು ಹೆಸರಘಟ್ಟದ ಸಂಶೋಧನಾ ಸಂಸ್ಥೆಯವರ ಕೆಲಸ ಕಣಪ್ಪ, ನಿಂಗ್ಯಾಕೆ ಇಲ್ಲದ ಉಸಾಬರಿ" ಅಂದಿದ್ದ ನಮ್ಮ ದೊಡ್ಡಪ್ಪನವರೇ ಹೋದ ವರ್ಷ ಬಂದು ನೆಡುವುದಕ್ಕೆ ಕಡ್ಡಿ ಕೇಳಿ ತೆಗೆದುಕೊಂಡು ಹೋದರು. ಇನ್ನು ಬರೆಯಬಹುದು ಅನಿಸಿದ್ದು ಆಗ. ಇದು ಕನಕಾಂಬರ ಬೆಳೆದು ಗೊತ್ತಿರುವವರಿಗೆ. ಸಾಲಿನ ಅಂತರ, ಗೊಬ್ಬರದ ಲೆಕ್ಕ, ಅವನ್ನೆಲ್ಲ ಬಿಟ್ಟಿದ್ದೇನೆ.

ನಮ್ಮೂರು ಚಿಕ್ಕಬಳ್ಳಾಪುರದ ಹತ್ತಿರ. ಕೆಂಪು ಮಣ್ಣು, ಬೋರ್‌ವೆಲ್ ನೀರು. ಇರುವುದು ಒಂದೂಕಾಲು ಎಕರೆ. ಅದರಲ್ಲಿ ಮನೆ, ಹಸುಗಳಿಗೆ ಮೇವು, ಸ್ವಲ್ಪ ರಾಗಿ ಎಲ್ಲ ಆಗಬೇಕು. ಜಾಗ ಬಿಡಿ ಅಂದರೆ ಎಲ್ಲಿಗೆ ಹೋಗೋದು? 2013ರ ಸುಮಾರಿಗೆ 15 ಗುಂಟೆಗೆ ದೆಹಲಿ ಕನಕಾಂಬರ ಹಾಕಿದೆ. ಬೇರು ಬಂದ ಸಸಿಗೆ ಆಗ 4 ರೂಪಾಯಿ. ಆರು ಸಾವಿರ ಚಿಲ್ಲರೆ ಸಸಿ, ಅಂದರೆ 24 ಸಾವಿರ ಸಸಿಗೇ ಹೋಯಿತು. ಡ್ರಿಪ್ ಪೈಪು, ಕೊಟ್ಟಿಗೆ ಗೊಬ್ಬರ, ಆಳು ಸೇರಿ 60 ಸಾವಿರದ ಹತ್ತಿರ ಇಳಿಸಿದ್ದೆ. ಮೊದಲ ವರ್ಷ ಗಿಡ ನೋಡಿದರೆ ದೃಷ್ಟಿ ತಾಗಬೇಕು, ಹಾಗಿತ್ತು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕೆಜಿ ಸಾವಿರ ದಾಟಿ ಮಾರಿದೆ. ಸಾಲ ತೀರಿತು ಅಂದುಕೊಂಡೆ.

ಎರಡನೇ ಮುಂಗಾರಿಗೆ ಶುರುವಾಯಿತು. ನಿಮಗೆಲ್ಲ ಗೊತ್ತಿರುವ ಲಕ್ಷಣವೇ. ಎಲೆ ಹಳದಿಯಾಗುತ್ತದೆ, ಅಂಚಿಗೆ ನಸುಗೆಂಪು ಕಂದು ಬಣ್ಣ ಬರುತ್ತದೆ, ಗಿಡ ಬಾಡುತ್ತದೆ. ನೀರು ಕಡಿಮೆಯಾಯಿತೇನೋ ಅಂತ ನೀರು ಬಿಟ್ಟರೆ ಇನ್ನೂ ಬೇಗ ಹೋಗುತ್ತದೆ. ಕಾಂಡದ ಸಿಪ್ಪೆ ಸುಕ್ಕಾಗುತ್ತದೆ. ಕಿತ್ತರೆ ಕೈಗೆ ಮೋಟು ಬೇರು ಬರುತ್ತದೆ, ಉಳಿದದ್ದು ಮಣ್ಣಲ್ಲೇ ಕೊಳೆತಿರುತ್ತದೆ. ದೀಪಾವಳಿ ಹೊತ್ತಿಗೆ ಮುಕ್ಕಾಲು ಪಾಲು ಗಿಡ ಇರಲಿಲ್ಲ.

ಮತ್ತೆ ಹಾಕಿದೆ. ಈ ಸಲ ಬೇರೆ ನರ್ಸರಿಯಿಂದ ತಂದೆ, ಹೆಸರು ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣಿನ ಸಮೇತ ಬಂದ ಸಸಿ. ಅನುಮಾನ ಬಂದು ಹತ್ತು ಚೀಲ ಬಿಚ್ಚಿ ಬಕೆಟ್ ನೀರಲ್ಲಿ ಬೇರು ತೊಳೆದೆ. ಅರ್ಧಕ್ಕರ್ಧ ಬೇರು ಆಗಲೇ ಕಂದು, ಕೆಲವದರಲ್ಲಿ ಸಾಸಿವೆ ಗಾತ್ರದ ಗಂಟು. ಅಂದರೆ ಜಂತುಹುಳು, ಬೇರಿಗೆ ಬೀಳುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಚೀಲದೊಳಗೇ ಕೂತುಕೊಂಡು ಬಂದಿದೆ. ವಾಪಸ್ ತೆಗೆದುಕೊಳ್ಳಲಿಲ್ಲ. 18 ಸಾವಿರ ಹೋಯಿತು. ಆವತ್ತಿನಿಂದ ಹೊರಗಿನ ಮಣ್ಣು ನನ್ನ ಹೊಲಕ್ಕೆ ಬಂದಿಲ್ಲ.

ಔಷಧಿಯ ಕಥೆ ಉದ್ದ ಮಾಡುವುದಿಲ್ಲ. ಬೂಸ್ಟು ಕೊಲ್ಲುವ ಕಾರ್ಬೆಂಡಜಿಮ್ ಬುಡಕ್ಕೆ ಸುರಿದೆ. ರೋಗದ ಬೂಸ್ಟನ್ನು ಅಡಗಿಸುವ ಒಳ್ಳೇ ಬೂಸ್ಟು ಟ್ರೈಕೋಡರ್ಮಾವನ್ನು ಗೊಬ್ಬರದಲ್ಲಿ ಬೆಳೆಸಿ ಹಾಕಿದೆ. ಗಿಡಕ್ಕೆ ಇಷ್ಟಿಷ್ಟು ಅಂತ ಬೇವಿನ ಹಿಂಡಿ ಕೊಟ್ಟೆ. ಏಪ್ರಿಲ್–ಮೇ ಬಿಸಿಲಿಗೆ ಮಡಿ ನೆನೆಸಿ, ಪಾರದರ್ಶಕ ಹಾಳೆ ಹೊದಿಸಿ, ಒಂದೂವರೆ ತಿಂಗಳು ಮಣ್ಣು ಕಾಯಿಸಿದೆ. ಚೆಂಡು ಹೂ ಬೆಳೆದು ಅದರ ಮೇಲೆ ಕನಕಾಂಬರ ಹಾಕಿದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಚೆಂಡು ಹೂವಿನ ಬೇರು ಜಂತುಹುಳುವನ್ನು ನಿಜಕ್ಕೂ ಕಡಿಮೆ ಮಾಡುತ್ತದೆ, ಈಗಲೂ ನಾನು ಹಾಕುತ್ತೇನೆ. ಬೇವಿನ ಹಿಂಡಿಯೂ ಒಳ್ಳೆಯದೇ. ಆದರೆ ಇವೆಲ್ಲ ಮಾಡುವುದು ಸಾವನ್ನು ಒಂದು ಮಳೆ ಮುಂದಕ್ಕೆ ಹಾಕುವುದು ಅಷ್ಟೇ. ಮೇಲಿನ ಹೊಲದವರ ನೀರು ಮಳೆಗಾಲದಲ್ಲಿ ನನ್ನ ಮಡಿಗೇ ಇಳಿಯುತ್ತದೆ. ನಾನು ಕಾಯಿಸಿದ ಮಣ್ಣಿಗೆ ಅವರ ಹುಳು ಬಂದು ಸೇರುತ್ತದೆ. ಎರಡು ವರ್ಷದಲ್ಲಿ ಔಷಧಿ, ಹಾಳೆ, ಹಿಂಡಿಗೇ 40 ಸಾವಿರ ಮೇಲೆ ಖರ್ಚಾಗಿತ್ತು.

ನನ್ನ ತಲೆಯಲ್ಲಿ ಕೂತದ್ದು ಒಂದೇ ವಿಷಯ. ದೆಹಲಿ ಕನಕಾಂಬರ ಬೀಜ ಕಟ್ಟುವುದಿಲ್ಲ. ಅದು ಟ್ರಿಪ್ಲಾಯ್ಡ್, ವರ್ಣತಂತು ಮೂರು ಸೆಟ್. ಕಡ್ಡಿಯಿಂದಲೇ ಹಬ್ಬಿಸಬೇಕು. ಅಂದರೆ ನನ್ನ ಹೊಲದ್ದೂ, ನಿಮ್ಮ ಹೊಲದ್ದೂ, ತಮಿಳುನಾಡಿನಲ್ಲಿರುವುದೂ ಒಂದೇ ಗಿಡದ ತುಂಡುಗಳು. ಒಂದಕ್ಕೆ ಸೊರಗು ತಡೆಯುವ ಶಕ್ತಿ ಇಲ್ಲ ಅಂದರೆ ಯಾವುದಕ್ಕೂ ಇಲ್ಲ. ಅದರಲ್ಲಿ ಗಟ್ಟಿ ಗಿಡ ಹುಡುಕುತ್ತಾ ಕೂತರೆ ಜೀವಮಾನ ಮುಗಿದರೂ ಸಿಗೋದಿಲ್ಲ. ಗಟ್ಟಿತನ ಬೇಕಾದರೆ ಬೀಜದ ಕನಕಾಂಬರಕ್ಕೇ ಹೋಗಬೇಕು. ಹಿತ್ತಲ ಕಿತ್ತಳೆ, ಹಳದಿ, ಕೆಂಪು, ಇವೆಲ್ಲ ಬೀಜ ಕಟ್ಟುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಅಂಬರ, ಅರ್ಕಾ ಕನಕ ಅಂತ ಕನಕಾಂಬರದ ತಳಿ ಬಿಟ್ಟಿದ್ದಾರೆ. ಅವರ ಮೇಳದಲ್ಲಿ ನಿಂತು ಆ ಗಿಡ ನೋಡಿದ ಮೇಲೇ ನನಗೆ ಇದು ಆಗುವ ಕೆಲಸ ಅನಿಸಿದ್ದು.

ಬೀಜ ಒಟ್ಟುಮಾಡುವುದಕ್ಕೆ ಒಂದು ವರ್ಷ ತೆಗೆದುಕೊಂಡೆ. ನರ್ಸರಿಗೆ ಹೋಗಲಿಲ್ಲ. ಹಳೇ ಗಿಡ ಎಲ್ಲಿದೆ ಅಂತ ವಿಚಾರಿಸಿದೆ. ದೇವಸ್ಥಾನದ ಅಂಗಳದಲ್ಲಿ ಯಾರೂ ಗೊಬ್ಬರ ಹಾಕದೆ ವರ್ಷಗಟ್ಟಲೆ ನಿಂತ ಗಿಡ, ಪಾತ್ರೆ ತೊಳೆದ ನೀರು ಬಿದ್ದು ಸದಾ ತೇವ ಇರುವ ಹಿತ್ತಲಲ್ಲಿ ಸಾಯದ ಗಿಡ, ಇಂಥವು ನನಗೆ ಬೇಕಿತ್ತು. ಗೌರಿಬಿದನೂರು, ಶಿಡ್ಲಘಟ್ಟ, ಆಂಧ್ರದ ಹಿಂದೂಪುರದ ತನಕ ಸುತ್ತಿದೆ. ನನ್ನ ನಾದಿನಿಯನ್ನು ಕುಮಟಾ ಕಡೆ ಕೊಟ್ಟಿದೆ. ಅಲ್ಲಿ ಇದಕ್ಕೆ ಅಬ್ಬಲಿಗೆ ಅಂತಾರೆ. ಕರಾವಳಿಯ ಆ ಮಳೆಯಲ್ಲಿ, ಸೂರಿನ ನೀರು ಬುಡಕ್ಕೇ ಸುರಿಯುವ ಜಾಗದಲ್ಲಿ, ಅವರ ಮನೆ ಅಂಗಳದಲ್ಲಿ ಒಂದು ಕೆಂಪು ಅಬ್ಬಲಿಗೆ ನಿಂತಿತ್ತು. ಅತ್ತೆಯವರು ಮದುವೆಯಾಗಿ ಬಂದಾಗಿನಿಂದ ಇದೆ ಅಂದರು. ಅದರ ಬೀಜ ಒಂದು ಬೊಗಸೆ ತಂದೆ. ನನ್ನ ಇಡೀ ಕೆಲಸದಲ್ಲಿ ಬಸ್ ಚಾರ್ಜಿಗೆ ಕೊಟ್ಟ ದುಡ್ಡಿನಷ್ಟು ಲಾಭ ಬೇರೆ ಯಾವ ಖರ್ಚೂ ತಂದಿಲ್ಲ.

ಬೀಜ ಹೊಸದಿರಬೇಕು, ಹಳೆಯದಾದರೆ ಮೊಳಕೆ ಬರುವುದಿಲ್ಲ. ಒಟ್ಟಲು, ಅಂದರೆ ಎಳೇ ಸಸಿ, ಮಾತ್ರ ಒಳ್ಳೇ ಮಣ್ಣಲ್ಲಿ ಬೆಳೆಸಿದೆ. ಸಸಿ ನಾಲ್ಕೈದು ಎಲೆ ಬಿಟ್ಟ ಮೇಲೆ ತಂದು ನೆಟ್ಟದ್ದು ಅತಿ ಹೆಚ್ಚು ಗಿಡ ಸತ್ತ ಮೂಲೆಯ ಮೂರು ಗುಂಟೆಗೆ. ಸಾಲದು ಅಂತ ಸತ್ತ ಗಿಡಗಳ ಬೇರು ಕೊಚ್ಚಿ ಒಂದೊಂದು ಹಿಡಿ ಗುಣಿಗೆ ಹಾಕಿದೆ. ಔಷಧಿ ಇಲ್ಲ, ಹಿಂಡಿ ಇಲ್ಲ. ಕೆಲಸಕ್ಕೆ ಬಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. "ಯಾಕಣ್ಣಾ, ಸಸಿ ಮೇಲೆ ಏನು ಕೋಪ?" ಅಂತ ಒಬ್ಬರು ಕೇಳಿಯೇ ಬಿಟ್ಟರು. ಆ ಮಡಿ ನನಗೆ ಜರಡಿ. ದುಡ್ಡು ಕೊಟ್ಟರೂ ಅಂಥ ಜರಡಿ ಸಿಗೋದಿಲ್ಲ. ಊರವರು ಹಾಳಾಯಿತು ಅಂದ ಜಾಗವೇ ನನ್ನ ಆಸ್ತಿಯಾಯಿತು.

ಇಲ್ಲಿ ಒಂದು ವಿಷಯ ಒತ್ತಿ ಹೇಳುತ್ತೇನೆ. ಗಿಡ ಉಳಿಯಿತು ಅಂದ ಮಾತ್ರಕ್ಕೆ ಅದು ಗಟ್ಟಿ ಅಂತಲ್ಲ. ರೋಗ ಮಡಿಯಲ್ಲಿ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಒಂದು ಮಾರು ಆಚೆ ಹುಳು ತುಂಬಿ ತುಳುಕುತ್ತಿದ್ದರೆ ಈಚೆ ಏನೂ ಇರುವುದಿಲ್ಲ. ಈಚೆ ನಿಂತ ಗಿಡ ತಪ್ಪಿಸಿಕೊಂಡಿದೆ ಅಷ್ಟೇ, ತಡೆದುಕೊಂಡಿಲ್ಲ. ಅದಕ್ಕೆ ನಾನು ಪ್ರತಿ ಐದು ಗಿಡಕ್ಕೆ ಒಂದು ದೆಹಲಿ ಗಿಡ ನೆಟ್ಟೆ. ಅದು ಸಾಕ್ಷಿ ಗಿಡ. ಪಕ್ಕದ ದೆಹಲಿ ಸತ್ತು, ಇದು ನಿಂತಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ದೆಹಲಿಯೂ ಬದುಕಿದ್ದರೆ ಅಲ್ಲಿ ರೋಗವೇ ಇರಲಿಲ್ಲ, ಆ ಸುತ್ತಿನ ಗಿಡಗಳನ್ನು ಮತ್ತೆ ಬೇರೆ ಜಾಗದಲ್ಲಿ ಪರೀಕ್ಷೆ ಮಾಡಬೇಕು. ಸುಮಾರು ಜನ ಗಟ್ಟಿ ಗಿಡ ಸಿಕ್ಕಿತು ಅಂತ ಹಬ್ಬಿಸಿ ಕೈಸುಟ್ಟುಕೊಳ್ಳುವುದು ಇಲ್ಲೇ. ಸಾಕ್ಷಿ ಗಿಡ ಇಲ್ಲದ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ಇನ್ನೊಂದು, ಮೊದಲ ವರ್ಷದ ಫಲಿತಾಂಶ ನೋಡಲೇಬೇಡಿ. ಸೊರಗು ತರುವ ಫ್ಯುಸೇರಿಯಂ ಬೂಸ್ಟು ಒಂದೇ ಬಂದು ಹೊಡೆಯುವುದು ಕಡಿಮೆ. ಮೊದಲು ಹುಳು ಬೇರನ್ನು ಗಾಯ ಮಾಡುತ್ತದೆ, ಆ ಗಾಯದಲ್ಲಿ ಬೂಸ್ಟು ಒಳಗೆ ಹೋಗುತ್ತದೆ. ಹುಳು ಬೆಳೆದು ಸಂಖ್ಯೆ ಜಾಸ್ತಿಯಾಗಲು ಸಮಯ ಬೇಕು. ಅದಕ್ಕೇ ಮೊದಲ ವರ್ಷ ಎಲ್ಲ ಗಿಡವೂ ಚೆನ್ನಾಗಿಯೇ ಇರುತ್ತದೆ. ನಾನು ಎರಡನೇ ಮಳೆಗಾಲ ಮುಗಿದು, ಕಾರ್ತಿಕ ಮಾಸ ಬರುವ ತನಕ ಯಾವ ಗಿಡವನ್ನೂ ಆರಿಸುವುದಿಲ್ಲ.

ಆ ಮೊದಲ ಸುತ್ತಿನಲ್ಲಿ ಎಂಟುನೂರು ಚಿಲ್ಲರೆ ಸಸಿ ನೆಟ್ಟಿದ್ದೆ. ಎರಡನೇ ಮಳೆ ಕಳೆದಾಗ ನಿಂತದ್ದು ನೂರರ ಒಳಗೆ. ಸಾಕ್ಷಿ ಗಿಡದ ಲೆಕ್ಕ ಹಾಕಿದರೆ ನಂಬುವಂಥವು ಮೂವತ್ತರ ಆಸುಪಾಸು. ಬೇರು ನೋಡಬೇಕಲ್ವಾ, ಅದಕ್ಕೆ ಪ್ರತಿ ಗಿಡದ ತುದಿ ಕಡ್ಡಿ ತೆಗೆದು ಬೇರೆ ಕಡೆ ಉಳಿಸಿಕೊಂಡು, ಮೂಲ ಗಿಡ ಕಿತ್ತು ತೊಳೆದೆ. ಹತ್ತೊಂಬತ್ತೋ ಇಪ್ಪತ್ತೋ ಗಿಡದ ಬೇರು ಬಿಳಿಯಾಗಿತ್ತು. ಉಳಿದವು ಹೊರಗೆ ಹಸಿರು, ಒಳಗೆ ಕಂದು. ಅವು ಮೂರನೇ ವರ್ಷ ಸಾಯುವವೇ. ಕುಮಟಾದ ಕೆಂಪಿನ ಮಕ್ಕಳು ಬಿಳಿ ಬೇರಿನ ಗುಂಪಿನಲ್ಲಿ ಜಾಸ್ತಿ ಇದ್ದವು.

ಆದರೆ ಕೆಂಪನ್ನು ಮಾರ್ಕೆಟ್ಟಿನಲ್ಲಿ ಯಾರು ಕೇಳುತ್ತಾರೆ? ಚಿಕ್ಕಬಳ್ಳಾಪುರದಲ್ಲಾಗಲಿ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಾಗಲಿ ದೆಹಲಿ ಬಣ್ಣವೇ ಬಣ್ಣ. ಒಂದು ಬುಟ್ಟಿ ಒಯ್ದು ಇಳಿಸಿದೆ. ಮಂಡಿಯವರು ಮುಟ್ಟಿ ನೋಡಿ ದೆಹಲಿಯ ಅರ್ಧ ರೇಟು ಹೇಳಿದರು. ಹೂ ಬಿಡುವ ತೆನೆಯೂ ಗಿಡ್ಡ. ಆದ್ದರಿಂದ ಒಂದು ಗಿಡದ ಹೂವಿಗೆ ಇನ್ನೊಂದರ ಪರಾಗ ಕೂಡಿಸುವ ಕೆಲಸ ಬೇಕೇ ಬೇಕಾಯಿತು.

ಕೂಡಿಸುವುದು ಕಷ್ಟ ಅಂತ ಹೆದರಿಸುವವರಿದ್ದಾರೆ. ಕನಕಾಂಬರದಲ್ಲಿ ಅದು ಸಲೀಸು. ನಾಳೆ ಅರಳುವ ಮೊಗ್ಗು ಇವತ್ತು ಮಧ್ಯಾಹ್ನಕ್ಕೇ ಗೊತ್ತಾಗುತ್ತದೆ. ತೆನೆಯ ಹಸಿರು ಪೊರೆಯ ಸಂದಿಯಿಂದ ಬಣ್ಣದ ಮೂತಿ ಹೊರಗೆ ಹಾಕಿರುತ್ತದೆ. ಆ ಮೂತಿಯನ್ನು ಉಗುರಿನಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಹೂವಿನ ಕೊಳವೆ ಪೂರ್ತಿ ಈಚೆಗೆ ಬರುತ್ತದೆ. ಗಂಡು ಭಾಗ ನಾಲ್ಕೂ ಆ ಕೊಳವೆಯ ಒಳಗೋಡೆಗೇ ಅಂಟಿಕೊಂಡಿರುತ್ತವೆ, ಅವೂ ಜೊತೆಗೆ ಬಂದುಬಿಡುತ್ತವೆ. ಪೊರೆಯೊಳಗೆ ಉಳಿಯುವುದು ಕೂದಲಿನಷ್ಟು ಸಣ್ಣ ಬಿಳಿ ದಾರ ಒಂದೇ. ಅದೇ ಹೆಣ್ಣು. ಕತ್ತರಿ ಬೇಡ, ಚಿಮಟ ಬೇಡ. ಎಳೆದ ಕೊಳವೆಯನ್ನು ಸೀಳಿ ಲೆನ್ಸಿನಲ್ಲಿ ನೋಡಿ, ಪರಾಗದ ಪುಡಿ ಆಗಲೇ ಉದುರಿದ್ದರೆ ಆ ಹೂ ಬಿಟ್ಟುಬಿಡಿ. ಎಳನೀರಿನ ಸ್ಟ್ರಾ ಒಂದು ಇಂಚು ಕತ್ತರಿಸಿ, ಒಂದು ತುದಿ ಮಡಚಿ, ಆ ದಾರಕ್ಕೆ ಟೋಪಿ ಹಾಕಿ. ಬೆಳಗ್ಗೆ ಗಂಡು ಗಿಡದ ಅರಳಿದ ಹೂ ತಂದು ಪುಡಿ ಮುಟ್ಟಿಸಿ ಮತ್ತೆ ಟೋಪಿ ಹಾಕಿ. ದಾರ ಬೇಗ ಮುರಿಯುತ್ತದೆ, ಅದೊಂದೇ ಭಯ. ನೂರು ಹೂ ಮಾಡಿದರೆ ಹದಿನೈದು ಇಪ್ಪತ್ತು ಕಾಯಿ ಕಚ್ಚುತ್ತವೆ. ಯಾವ ಹೊತ್ತಿನಲ್ಲಿ ಪುಡಿ ಮುಟ್ಟಿಸಿದರೆ ಇದು ನಲವತ್ತಕ್ಕೆ ಏರುತ್ತದೆ ಅಂತ ನನಗೆ ಗೊತ್ತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಾಡ್ತಾ ಮಾಡ್ತಾ ನಿಮಗೂ ಸಿಗುತ್ತದೆ.

ಕಾಯಿಯಲ್ಲಿ ನಾಲ್ಕೇ ಬೀಜ. ಒಣಗಿದ ಕಾಯಿಗೆ ಒಂದು ಹನಿ ನೀರು ಬಿದ್ದರೆ ಪಟ್ ಅಂತ ಸಿಡಿದು ಬೀಜ ಮಾರುದೂರ ಹಾರುತ್ತದೆ. ಮಕ್ಕಳಾಗಿದ್ದಾಗ ಬಾಯಲ್ಲಿಟ್ಟುಕೊಂಡು ಆಟ ಆಡುತ್ತಿದ್ದೆವಲ್ಲ, ಅದೇ ಕಾಯಿ. ಆದರೆ ತಿಂಗಳುಗಟ್ಟಲೆ ಕಾದ ಬೀಜ ಹಾಗೆ ಹಾರಿದರೆ ಹೊಟ್ಟೆ ಉರಿಯುತ್ತದೆ. ಒಂದು ಸಂಜೆ ಅಕಾಲ ಮಳೆ ಬಂದು ಒಂದು ಸಾಲಿನ ಕೂಡಿಕೆಯೆಲ್ಲ ಹಾಗೇ ಹೋಯಿತು. ತೆನೆ ಒಣಗಲು ಶುರುವಾದ ಕೂಡಲೇ ಹಳೇ ಪಂಚೆಯ ತುಂಡಿನಲ್ಲಿ ಚೀಲ ಹೊಲಿದು ಕಟ್ಟಿಬಿಡಿ.

ದೆಹಲಿಯನ್ನು ಗಂಡಾಗಿ ಬಳಸಿ ನೋಡಿದಿರಾ ಅಂತ ಎಲ್ಲರೂ ಕೇಳುತ್ತಾರೆ. ನೋಡಿದೆ. ಒಂದು ಬೇಸಿಗೆ ಪೂರ್ತಿ ಅದಕ್ಕೇ ಕೊಟ್ಟೆ. ಒಂದೂ ಕಾಯಿ ಕಚ್ಚಲಿಲ್ಲ. ಹಾಗಾಗಿ ದೆಹಲಿಯ ಬಣ್ಣವನ್ನು ದೆಹಲಿಯಿಂದ ತರುವ ಆಸೆ ಬಿಡಿ. ನಾನು ಬಣ್ಣಕ್ಕೆ ಹಿಡಿದದ್ದು ಶಿಡ್ಲಘಟ್ಟ ಕಡೆಯ ಒಂದು ಹಿತ್ತಲ ಕಿತ್ತಳೆಯನ್ನು. ಹೂ ಸ್ವಲ್ಪ ಸಣ್ಣ, ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವಂಥದ್ದು. ಕೆಂಪು ತಾಯಿ, ಕಿತ್ತಳೆ ತಂದೆ. ಅವುಗಳ ಮಕ್ಕಳನ್ನು ಮತ್ತೆ ರೋಗದ ಮಡಿಗೆ ಹಾಕಿ, ಉಳಿದವನ್ನು ಮತ್ತೆ ಇನ್ನೊಂದು ಗಿಡದ ಜೊತೆ ಕೂಡಿಸಿದೆ. ಆ ಇನ್ನೊಂದು ಯಾವುದು ಅನ್ನುವುದು ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಹೂವಿನ ದಪ್ಪ ಅದರಿಂದ ಬಂತು ಅಂತ ಮಾತ್ರ ತಿಳಿದುಕೊಳ್ಳಿ.

ಒಂದೊಂದು ತಲೆಮಾರಿಗೆ ಎರಡೂವರೆ ಮೂರು ವರ್ಷ ಹಿಡಿಯುತ್ತದೆ. ಎರಡನೇ ಮಳೆಗಾಲ ಕಾಯಬೇಕಲ್ಲ, ಆ ನಿಯಮ ನಾನು ಎಂದೂ ಮುರಿಯಲಿಲ್ಲ. ಆ ಮೂರು ಗುಂಟೆಯಿಂದ ವರ್ಷಕ್ಕೆ 25 ಸಾವಿರ ಆದಾಯ ಬಿಟ್ಟಂತೆ. ಮನೆಯಲ್ಲಿ ಇದರ ಬಗ್ಗೆ ಮಾತು ಬಂದಿದೆ. ಹೆಂಡತಿ ಹಾಲಿನ ದುಡ್ಡಿನಲ್ಲಿ ಮನೆ ನಡೆಸಿದ ವರ್ಷಗಳು ಅವು. ಆಕೆ ಬೇಡ ಅಂದಿದ್ದರೆ ಈ ತಳಿ ಇರುತ್ತಿರಲಿಲ್ಲ.

ಆರಿಸುವಾಗ ರೋಗ ಒಂದನ್ನೇ ನೋಡಿದರೆ ಸಾಲದು. ಸಾಯದೇ ಇದ್ದು ಹೂ ಬಿಡದ ಗಿಡ ಯಾರಿಗೆ ಬೇಕು? ಮಳೆಗಾಲದಲ್ಲಿ ಕನಕಾಂಬರದ ಹೂ ಇಳಿಯುತ್ತದೆ, ರೇಟು ಏರುವುದೂ ಆಷಾಢ ಕಳೆದ ಮೇಲೇ. ಮಳೆಯಲ್ಲೂ ತೆನೆ ಬಿಡುವ ಗಿಡಕ್ಕೆ ನಾನು ಜಾಸ್ತಿ ಅಂಕ ಕೊಟ್ಟೆ. ತೆನೆ ಎಲೆಯ ಮೇಲೆ ಎದ್ದು ನಿಂತಿರಬೇಕು. ಎಲೆಯೊಳಗೆ ಹುದುಗಿದ್ದರೆ ಬಿಡಿಸುವವರಿಗೆ ಕಷ್ಟ, ಕೂಲಿ ಏರುತ್ತದೆ. ಒಂದು ಕೆಜಿಗೆ ಹದಿನೈದು ಸಾವಿರದ ಹತ್ತಿರ ಹೂ ಬೇಕು, ಅಷ್ಟು ಹಗುರ ಇದು. ದಳ ಸ್ವಲ್ಪ ದಪ್ಪ ಇದ್ದರೆ ತೂಕದಲ್ಲಿ ಕಾಣುತ್ತದೆ, ಬುಟ್ಟಿಯಲ್ಲಿ ಸಂಜೆಯ ತನಕ ಬಾಡದೆ ನಿಲ್ಲುತ್ತದೆ.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಹೂ ಬಿಡಿಸುವ ಅಕ್ಕಂದಿರು. ಒಬ್ಬರು ಹಿರಿಯರಿದ್ದಾರೆ, ಮೂವತ್ತು ವರ್ಷದಿಂದ ಇದೇ ಕೆಲಸ. ಅವರಿಗೆ ಕೆಂಪು ದಾರದ ಉಂಡೆ ಕೊಟ್ಟು, "ಅಕ್ಕಾ, ಯಾವ ಗಿಡದ ಹೂ ನಿಮಗೆ ಬಿಡಿಸೋಕೆ ಸುಲಭ ಅನಿಸುತ್ತೋ ಅದಕ್ಕೆ ದಾರ ಕಟ್ಟಿ" ಅಂದೆ. ಮೊದಲು ನಕ್ಕರು. ಆಮೇಲೆ ಬಲು ಶ್ರದ್ಧೆಯಿಂದ ಮಾಡಿದರು. ನಾನು ಅಂಕ ಹಾಕಿದ ಗಿಡಗಳಲ್ಲಿ ಅರ್ಧಕ್ಕೆ ಅವರು ದಾರ ಕಟ್ಟಿರಲಿಲ್ಲ. ಯಾಕೆ ಅಂದರೆ, "ಇದರ ಹೂ ಕೊಳವೆ ಒಳಗೇ ಕಿತ್ತೋಗ್ತದೆ ಅಣ್ಣ, ಕೈಗೆ ಬರೋದು ಬರೀ ದಳ" ಅಂದರು. ಕೂತು ನೋಡಿದೆ. ನಿಜ. ಕೊಳವೆ ಗಟ್ಟಿ ಇಲ್ಲದ ಹೂ ಕಟ್ಟುವುದಕ್ಕೂ ಬರುವುದಿಲ್ಲ, ದಾರ ಸುತ್ತುವಾಗ ಜಾರುತ್ತದೆ. ಅಂಥವನ್ನೆಲ್ಲ ಬೇರು ಬಿಳಿಯಿದ್ದರೂ ತೆಗೆದುಹಾಕಿದೆ. ಕೊನೆಗೆ ಉಳಿದ ಮೂರೂ ಗಿಡಗಳು ಅವರು ದಾರ ಕಟ್ಟಿದವೇ.

ನಡುವೆ ಬೇರೆ ಪ್ರಯೋಗಗಳಿಗೂ ಕೈ ಹಾಕಿದೆ. ಗಟ್ಟಿ ಬೇರಿನ ಕೆಂಪು ಗಿಡದ ಮೇಲೆ ದೆಹಲಿ ಕಸಿ ಕಟ್ಟಿದರೆ ಹೇಗೆ ಅಂತ ಒಂದು ಯೋಚನೆ. ಬದನೆಗೆ ಸುಂಡೆಕಾಯಿ ಗಿಡದ ಬೇರು ಕೊಡುತ್ತಾರಲ್ಲ, ಹಾಗೆ. ಬ್ಲೇಡು, ಕಸಿ ಕ್ಲಿಪ್ಪು, ಪ್ಲಾಸ್ಟಿಕ್ ಗೂಡು ಎಲ್ಲ ತಂದೆ. ಕೆಲವು ಹಿಡಿದವು, ಹೂವೂ ಬಿಟ್ಟವು. ಆದರೆ ಒಂದು ಕಸಿಗೆ ಕೂಲಿ, ಸಾಮಾನು ಸೇರಿ ಹನ್ನೆರಡು ಹದಿಮೂರು ರೂಪಾಯಿ ಬಿತ್ತು. ಗುಂಟೆಗೆ ನಾನೂರು ಗಿಡ ಬೇಕಾದ ಬೆಳೆಗೆ ಇದು ಏಳೋ ಮಾತಲ್ಲ. ಮನೆ ಮುಂದೆ ಎರಡು ಕಸಿ ಗಿಡ ಈಗಲೂ ಇವೆ. ಸಮಯ ಇರುವ ಯಾರಾದರೂ ಇದನ್ನು ಮುಂದುವರಿಸಬೇಕು ಅಂತ ನನಗೆ ಆಸೆ.

ಇನ್ನೊಂದು, ಎಲೆ ಹಳದಿಯಾಗುವುದು. ಸೊರಗಿನ ಹಳದಿ ಬೇರೆ, ಕಬ್ಬಿಣ ಕೊರತೆಯ ಹಳದಿ ಬೇರೆ. ಕಬ್ಬಿಣ ಕೊರತೆಯಲ್ಲಿ ಎಳೇ ಎಲೆಯ ನರ ಹಸಿರಾಗೇ ಇದ್ದು ನಡುವೆ ಬಿಳಿಚುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಹಾಗಾಗಿ ಇದು ತಪ್ಪಿದ್ದಲ್ಲ. ಎಲ್ಲರ ಹಾಗೆ ನಾನೂ ಕಬ್ಬಿಣ ಕೊಡುವ ಫೆರಸ್ ಸಲ್ಫೇಟ್ ಸಿಂಪಡಿಸುತ್ತಿದ್ದೆ. ಒಂದು ವರ್ಷ ಪರೀಕ್ಷೆ ಮಡಿಗೆ ಸಿಂಪಡಿಸುವುದನ್ನೇ ನಿಲ್ಲಿಸಿ ನೋಡಿದೆ. ಕೆಲವು ಗಿಡ ಬಿಳಿಚಿಕೊಂಡವು, ಕೆಲವು ಕಡುಹಸಿರಾಗೇ ಉಳಿದವು. ಇಷ್ಟು ದಿನ ಔಷಧಿ ಹೊಡೆದು ಈ ವ್ಯತ್ಯಾಸ ಮುಚ್ಚಿಹೋಗಿತ್ತು. ಹಸಿರಾಗಿ ಉಳಿದವಕ್ಕೂ ಅಂಕ ಕೊಟ್ಟೆ. ನನ್ನ ಮೂರರಲ್ಲಿ ಎರಡಕ್ಕೆ ಈಗ ಕಬ್ಬಿಣದ ಸಿಂಪಡಣೆಯೇ ಬೇಕಿಲ್ಲ.

ಮೂರು ಗಿಡ ಯಾಕೆ, ಒಂದೇ ಯಾಕಲ್ಲ ಅಂತ ಕೇಳಬಹುದು. ಬೀಜದಿಂದ ಗುಣ ನೆಲೆಗೊಳಿಸಲು ಇನ್ನೂ ಹತ್ತು ವರ್ಷ ಬೇಕು. ಬೀಜದ ಕನಕಾಂಬರದಲ್ಲಿ ವರ್ಣತಂತು ನಾಲ್ಕು ಸೆಟ್, ಹಾಗಾಗಿ ಮಕ್ಕಳಲ್ಲಿ ಗುಣ ಚೆದುರುತ್ತಲೇ ಇರುತ್ತದೆ. ಅದಕ್ಕೆ ನಾನೂ ಕಡ್ಡಿಯ ದಾರಿಯನ್ನೇ ಹಿಡಿದೆ. ಆದರೆ ಒಂದೇ ಗಿಡ ಹಬ್ಬಿಸಿದರೆ ಅದು ಇನ್ನೊಂದು ದೆಹಲಿಯಾಗುತ್ತದೆ. ನಾಳೆ ಬೇರೆ ರೋಗ ಬಂದರೆ ಎಲ್ಲ ಒಟ್ಟಿಗೇ ಹೋಗುತ್ತವೆ. ಒಂದೇ ಬಣ್ಣ, ಬೇರೆ ಬೇರೆ ಬೇರಿನ ಮೂರು ಅಕ್ಕತಂಗಿಯರನ್ನು ಸಾಲಿಗೊಂದರಂತೆ ಹಾಕುತ್ತೇನೆ. ಬುಟ್ಟಿಯಲ್ಲಿ ಮಂಡಿಯವರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಡ್ಡಿಯನ್ನು ಗಿಡದ ತುದಿಯಿಂದಲೇ ತೆಗೆಯಬೇಕು, ಮಣ್ಣು ಮುಟ್ಟಿದ ಭಾಗ ಬೇಡ. ತೆಂಗಿನ ನಾರಿನ ಪುಡಿಯಲ್ಲಿ ಬೇರು ಬರಿಸಬೇಕು. ಬೇರು ಬರಲು ಕಡ್ಡಿ ಅದ್ದುವುದಕ್ಕೆ ನಾನು ಬಳಸುವ ನೀರು ಅಂಗಡಿಯದ್ದಲ್ಲ, ಮನೆಯಲ್ಲೇ ಮಾಡುವುದು. ಅದರ ವಿಷಯ ಇನ್ನೊಮ್ಮೆ.

ಈಗಿನ ಲೆಕ್ಕ. 20 ಗುಂಟೆ ಪೂರ್ತಿ ಇದೇ ಇದೆ, ಅದರಲ್ಲಿ ಹಳೇ ರೋಗದ ಮಡಿಯೂ ಸೇರಿದೆ. ಹೋದ ವರ್ಷ 370–380 ಕೆಜಿ ಹೂ ಬಂತು. ಹೊಸದಾಗಿ ಹಾಕಿದ ದೆಹಲಿ ಇದಕ್ಕಿಂತ ಹೆಚ್ಚು ಕೊಡುತ್ತದೆ, ಆ ಮಾತು ಒಪ್ಪುತ್ತೇನೆ. ಆದರೆ ಎರಡು ವರ್ಷಕ್ಕೊಮ್ಮೆ ಸಸಿ, ಉಳುಮೆ, ಮೂರು ತಿಂಗಳು ಹೂ ಇಲ್ಲದೆ ಕಾಯುವುದು, ಇದನ್ನೆಲ್ಲ ಕಳೆದು ನೋಡಿ. ರೇಟು ಕೆಳಗೆ ಬಿದ್ದಾಗ 250ರಿಂದ ಹಬ್ಬಕ್ಕೆ 1200ರ ತನಕ ಸಿಕ್ಕಿತು. ಸರಾಸರಿ 450 ಅಂದುಕೊಳ್ಳಿ. ಒಂದು ಲಕ್ಷದ ಅರವತ್ತೈದು ಸಾವಿರದ ಮೇಲೆ ಬಂತು. ಬಿಡಿಸುವ ಕೂಲಿಯೇ 55 ಸಾವಿರ ದಾಟಿತು, ಅದರಲ್ಲಿ ಉಳಿಸುವ ಯೋಚನೆ ನನಗಿಲ್ಲ. ಔಷಧಿ ಖರ್ಚು ಮಾತ್ರ ಮೊದಲಿನ ಕಾಲುಭಾಗ ಕೂಡ ಇಲ್ಲ. ಮಂಡಿಯಲ್ಲಿ ಮೊದಲ ಸಲ ಇಳಿಸಿದಾಗ "ಇದ್ಯಾವ ದೆಹಲಿ, ಎಲ್ಲಿಂದ ತಂದ್ರಿ?" ಅಂತ ಕೇಳಿದರು. ದೆಹಲಿ ಅಂತಲೇ ತಿಳಿದು ಅದೇ ರೇಟು ಹಾಕಿದರು. ಅವತ್ತು ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ನೋಂದಣಿ ಮಾಡಿಸಿ ಅಂತ ಹಲವರು ಹೇಳಿದ್ದಾರೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ 2001ರಲ್ಲೇ ಬಂದಿದೆ, ರೈತರು ತಾವು ಬೆಳೆಸಿದ ತಳಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಕಾಗದಪತ್ರ ಜೋಡಿಸುತ್ತಿದ್ದೇನೆ. ಅಲ್ಲಿಯ ತನಕ ಮಾರುವುದಿಲ್ಲ, ಪರೀಕ್ಷೆಗೆ ಕೊಡುತ್ತೇನೆ. ನನ್ನ ಮಣ್ಣಿನ ಹುಳು ಬೇರೆ, ಕಪ್ಪು ಮಣ್ಣಿನವರದು ಬೇರೆ ಇರಬಹುದು. ಕಪ್ಪು ಮಣ್ಣಿನಲ್ಲಿ ಇದು ಎಷ್ಟು ನಿಲ್ಲುತ್ತದೆ ಅಂತ ನೋಡಲೇಬೇಕು.

ಕಡ್ಡಿ ತೆಗೆದುಕೊಂಡವರಿಗೆ ನನ್ನದು ಎರಡೇ ಷರತ್ತು. ಸೊರಗು ಬಂದ ಜಾಗದಲ್ಲೇ ನೆಡಬೇಕು, ಐದಕ್ಕೊಂದು ದೆಹಲಿ ಪಕ್ಕದಲ್ಲಿರಬೇಕು. ಎರಡನೇ ಮಳೆ ಕಳೆದ ಮೇಲೆ ಒಂದು ಗಿಡ ಕಿತ್ತು, ಬೇರು ತೊಳೆದು, ಫೋಟೋ ತೆಗೆದು ಕಳಿಸಬೇಕು. ಹೋದ ವರ್ಷ ದೊಡ್ಡಪ್ಪನವರನ್ನೂ ಸೇರಿಸಿ ಆರು ಜನ ತೆಗೆದುಕೊಂಡು ಹೋಗಿದ್ದಾರೆ. ಒಬ್ಬರು ಹಾಸನದ ಕಡೆಯವರು, ಇಬ್ಬರು ಶಿರಾದವರು. ಅವರ ಎರಡನೇ ಮಳೆಗಾಲ ಈ ಜೂನ್‌ನಲ್ಲಿ ಶುರು.